ಮಿಡಲ್‌ಟೌನ್‌ನಲ್ಲಿ ಕೇಳಿದ ಕೃಷ್ಣನ ಹಾಡು

ಮೊದಲು ಈ ಗೋಡೆ ನೋಡಿ. ಹತ್ತಿರದಿಂದ ತೋರಿಸ್ತೀನಿ. ದೂರದಿಂದ ನಮ್ಮ ಕರಾವಳಿಯ ಜಂಬಿಟ್ಟಿಗೆ ಥರ ಕಾಣುತ್ತೆ, ಆದ್ರೆ ಇದು ಕಂದು ಮರಳುಗಲ್ಲು. ಬೆರಳಿಟ್ಟು ಉಜ್ಜಿದ್ರೆ ಪುಡಿ ಅಂಟಿಕೊಳ್ಳುತ್ತೆ. ಹೊಳೆಯ ಆಚೆ ದಡದಲ್ಲಿ ಪೋರ್ಟ್‌ಲ್ಯಾಂಡ್ ಅಂತ ಊರಿದೆ, ಅಲ್ಲಿನ ಗಣಿಯಿಂದ ಬಂದ ಕಲ್ಲು.

ಅಮೆರಿಕದ ಕನೆಕ್ಟಿಕಟ್ ರಾಜ್ಯದ ಮಿಡಲ್‌ಟೌನ್‌ನಲ್ಲಿದೀನಿ, ವೆಸ್ಲಿಯನ್ ವಿಶ್ವವಿದ್ಯಾಲಯದೊಳಗೆ. ತಮಾಷೆ ಏನಪ್ಪಾ ಅಂದ್ರೆ, ಈ ಸೌತ್ ಕಾಲೇಜ್ ಕಟ್ಟಡ ವಿಶ್ವವಿದ್ಯಾಲಯಕ್ಕಿಂತ ಹಳೇದು. 1825ರಲ್ಲಿ ಪಾರ್ಟ್ರಿಜ್ ಅನ್ನೋ ಕ್ಯಾಪ್ಟನ್ ನಡೆಸ್ತಿದ್ದ ಮಿಲಿಟರಿ ಅಕಾಡೆಮಿಗಂತ ಕಟ್ಟಿದ್ದು. ಪದವಿ ಕೊಡೋ ಅಧಿಕಾರ ರಾಜ್ಯದಿಂದ ಸಿಗಲಿಲ್ಲ, ಅವರು ಗಂಟುಮೂಟೆ ಕಟ್ಟಿದ್ರು. ಖಾಲಿ ಬಿದ್ದ ಕಟ್ಟಡಕ್ಕೆ ಮೆಥಡಿಸ್ಟ್ ಕ್ರೈಸ್ತರು ಬಂದು 1831ರಲ್ಲಿ ಕಾಲೇಜು ಶುರು ಮಾಡಿದ್ರು. ಹೆಸರು ಅವರ ಗುರು ಜಾನ್ ವೆಸ್ಲಿದು. ಮೈಸೂರಿನವರಿಗೆ ಈಗ ಕಿವಿ ನೆಟ್ಟಗಾಗಿರುತ್ತೆ: ಹೌದು, ನಮ್ಮ ವೆಸ್ಲಿ ಚರ್ಚು, ಕನ್ನಡ ಪುಸ್ತಕ ಅಚ್ಚು ಹಾಕ್ತಿದ್ದ ವೆಸ್ಲಿಯನ್ ಮಿಷನ್ ಪ್ರೆಸ್ಸು, ಎಲ್ಲದರ ಹಿಂದಿರೋದೂ ಅದೇ ವೆಸ್ಲಿ. ಅದು ಇಂಗ್ಲೆಂಡಿನವರದ್ದು, ಇದು ಅಮೆರಿಕದವರದ್ದು, ಅಷ್ಟೇ. ಇಲ್ಲಿ ಚರ್ಚಿನ ನಂಟು 1937ರಲ್ಲೇ ಕಳಚಿತು.

ಇದು ಲಿಬರಲ್ ಆರ್ಟ್ಸ್ ಕಾಲೇಜು. ಲಿಬರಲ್ ಆರ್ಟ್ಸ್ ಅಂದ್ರೆ ನಮ್ಮಲ್ಲಿ ‘ಓ, ಬಿಎನಾ?’ ಅಂತಾರೆ. ಹಾಗಲ್ಲ. ಬೆಳಿಗ್ಗೆ ಭೌತಶಾಸ್ತ್ರ, ಮಧ್ಯಾಹ್ನ ಮೃದಂಗ ಅಂತ ಒಬ್ಬನೇ ಹುಡುಗ ಓದಬಹುದು. ಪದವಿ ಓದೋರು ಸುಮಾರು 3,000 ಜನ. ನಮ್ಮ ಕಡೆ ಒಂದು ದೊಡ್ಡ ಕಾಲೇಜಲ್ಲೇ ಅದಕ್ಕಿಂತ ಹೆಚ್ಚು ಮಂದಿ ಇರ್ತಾರೆ.

ಈ ಖಾಲಿ ಪೀಠ ನೋಡಿ ನಗು ಬಂತು. ಇಲ್ಲೊಂದು ಫಿರಂಗಿ ಇರಬೇಕು. ವಿದ್ಯಾರ್ಥಿಗಳು ಅದನ್ನ ಕದ್ದು ಬಚ್ಚಿಡೋದು ಇಲ್ಲಿನ ಹಳೇ ಸಂಪ್ರದಾಯ. ನಮ್ಮ ಹಾಸ್ಟೆಲಲ್ಲಿ ವಾರ್ಡನ್ ಕುರ್ಚಿ ಹೊತ್ಕೊಂಡು ಹೋಗಿದ್ದಕ್ಕೇ ಎಷ್ಟು ರಾದ್ಧಾಂತ ಆಗಿತ್ತು!

ನಗು ಬರದ ಕತೆನೂ ಇದೆ. 1832ರಲ್ಲಿ ಚಾರ್ಲ್ಸ್ ಬಿ. ರೇ ಅನ್ನೋ ಕಪ್ಪು ಯುವಕ ಓದೋಕೆ ಸೇರಿದ. ಜೊತೆಯವರೇ ಗಲಾಟೆ ಎಬ್ಬಿಸಿದ್ರು, ಅವನು ಬಿಟ್ಟು ಹೋಗಬೇಕಾಯ್ತು. ಮುಂದೆ ಗುಲಾಮಗಿರಿ ವಿರುದ್ಧ ಹೋರಾಡಿದ ಪತ್ರಿಕಾ ಸಂಪಾದಕ ಆದ. 1872ರಲ್ಲಿ ಹೆಣ್ಣುಮಕ್ಕಳನ್ನ ಸೇರಿಸ್ಕೊಂಡ್ರು. ಅವರು ಚೆನ್ನಾಗೇ ಓದಿದ್ರು. ಆದ್ರೂ ಇದು ಹೆಂಗಸರ ಕಾಲೇಜಾಗ್ತಿದೆ ಅಂತ ಗೊಣಗಾಟ ಶುರುವಾಗಿ, 1909ರಲ್ಲಿ ಇನ್ನು ಮುಂದೆ ಬೇಡ ಅಂತ ತೀರ್ಮಾನ. ಇಲ್ಲೇ ಓದಿದ್ದ ಹೆಂಗಸರು ಸುಮ್ನೆ ಕೂರಲಿಲ್ಲ. ನ್ಯೂ ಲಂಡನ್ ಊರಲ್ಲಿ 1911ರಲ್ಲಿ ಹೆಣ್ಣುಮಕ್ಕಳಿಗೇ ಬೇರೆ ಕಾಲೇಜು ಹುಟ್ಟೋಕೆ ಕೈಜೋಡಿಸಿದ್ರು. ಇಲ್ಲಿ ಬಾಗಿಲು ಮತ್ತೆ ತೆರೆಯೋಕೆ 1960ರ ದಶಕದ ಕೊನೆ ಬರಬೇಕಾಯ್ತು. ತೆರೆದ ಬಾಗಿಲನ್ನ ಮತ್ತೆ ಮುಚ್ಚಿದ್ದು, ಮೊದಲೇ ತೆರೀದೆ ಇರೋದಕ್ಕಿಂತ ನನಗೆ ಹೆಚ್ಚು ಚುಚ್ಚುತ್ತೆ.

ಇಂಥ ಜಾಗಕ್ಕೆ 1960ರ ದಶಕದಲ್ಲಿ ಕರ್ನಾಟಕ ಸಂಗೀತ ಬಂತು. ರಾಬರ್ಟ್ ಬ್ರೌನ್ ಅನ್ನೋ ಪ್ರಾಧ್ಯಾಪಕರು ನೃತ್ಯಗಾತಿ ಬಾಲಸರಸ್ವತಿಯವರನ್ನ, ಅವರ ತಮ್ಮಂದಿರು ಮೃದಂಗದ ರಂಗನಾಥನ್, ಕೊಳಲಿನ ವಿಶ್ವನಾಥನ್ ಅವರನ್ನ ಕರೆಸ್ಕೊಂಡ್ರು. 1976ರಿಂದ ಇಲ್ಲಿ ನವರಾತ್ರಿ ಉತ್ಸವಾನೂ ನಡೀತಿದೆ. ಈ ಸಲ ನಾನು ಬರೋಷ್ಟರಲ್ಲಿ ಮುಗಿದೇ ಹೋಗಿತ್ತು, ನನ್ನ ಹಣೆಬರಹ.

ಆ ಪಾಠಕ್ಕೆ ಕೂತವರಲ್ಲಿ ಜಾನ್ ಹಿಗಿನ್ಸ್ ಒಬ್ಬರು. ಮದ್ರಾಸಿಗೆ ಹೋಗಿ ಕಲಿತು ‘ಹಿಗಿನ್ಸ್ ಭಾಗವತರ್’ ಅನ್ನಿಸ್ಕೊಂಡ್ರು. ಆಮೇಲೆ ಇಲ್ಲಿಗೇ ವಾಪಸ್ ಬಂದು ಕಲಾ ಕೇಂದ್ರ ನೋಡಿಕೊಂಡ್ರು. 1984ರ ಡಿಸೆಂಬರಲ್ಲಿ ಇದೇ ಊರಿನ ರಸ್ತೆಯಲ್ಲಿ ನಾಯಿ ಜೊತೆ ವಾಕಿಂಗ್ ಹೋಗ್ತಿದ್ದಾಗ, ಕುಡಿದು ಓಡಿಸ್ತಿದ್ದವನ ಗಾಡಿ ಗುದ್ದಿ ತೀರಿಕೊಂಡ್ರು.

ಫಾಸ್ ಹಿಲ್ ಅಂತಾರೆ ಈ ಹುಲ್ಲಿನ ಇಳಿಜಾರಿಗೆ. ಮೇಲೆ ಕಾಣ್ತಿರೋ ಗುಮ್ಮಟ ನಕ್ಷತ್ರ ನೋಡೋ ವೀಕ್ಷಣಾಲಯ. ಬೆಳಿಗ್ಗೆ ಒಂಬತ್ತು ಗಂಟೆ, ಊರಲ್ಲಿ ದೀಪ ಹಚ್ಚೋ ಹೊತ್ತು. ಅಮ್ಮನಿಗೆ ವಿಡಿಯೋ ಕಾಲ್ ಮಾಡಿ, ಜೊತೆಗಿದ್ದ ಭಾವನ ಫೋನಲ್ಲಿ ಹಿಗಿನ್ಸ್ ಹಾಡಿರೋ ‘ಕೃಷ್ಣಾ ನೀ ಬೇಗನೆ ಬಾರೋ’ ಹಾಕಿದೆ. ವ್ಯಾಸರಾಯರದು, ಅಮ್ಮನ ಭಜನಾ ಮಂಡಳೀಲಿ ಖಾಯಂ. ಕಣ್ಣು ಮುಚ್ಚಿ ಪೂರ್ತಿ ಕೇಳಿದ್ಲು.

‘ಯಾರೋ ಇವರು? ಮದ್ರಾಸಿನವರಾ?’

‘ಅಲ್ಲಮ್ಮ, ಇಲ್ಲೇ ಓದಿದವರು’ ಅಂತ ಕ್ಯಾಮರಾ ತಿರುಗಿಸಿ ಗುಡ್ಡ ತೋರಿಸಿದೆ. ಅಮ್ಮ ಗುಡ್ಡ ನೋಡ್ಲೇ ಇಲ್ಲ. ‘ಇನ್ನೊಂದ್ಸಲ ಹಾಕು’ ಅಂದ್ಲು.