ಮೂರನೇ ಸಿಗ್ನಲ್‌ವರೆಗೆ

ಎಲ್ಲರಿಗೂ ನಮಸ್ಕಾರ.

ಇನ್ನು ಕೆಲವೇ ದಿನಗಳಲ್ಲಿ ನಿಮ್ಮಲ್ಲಿ ಹಲವರು ಗಂಟುಮೂಟೆ ಕಟ್ಟಿಕೊಂಡು ದೊಡ್ಡ ಊರುಗಳಿಗೆ ಹೊರಡುತ್ತೀರಿ. ಮನೆಯವರು ಬೇಕಾದಷ್ಟು ಬುದ್ಧಿಮಾತು ಹೇಳಿರುತ್ತಾರೆ. ಅದರಲ್ಲಿ ಒಂದನ್ನು ಮಾತ್ರ ನಾನು ಇವತ್ತು ಸ್ವಲ್ಪ ತಿದ್ದಬೇಕು. "ಗುರುತಿಲ್ಲದವರ ಹತ್ತಿರ ಮಾತಾಡಬೇಡ" ಅನ್ನೋ ಮಾತು. ಹೊಸ ಊರಲ್ಲಿ ಗುರುತಿರುವವರು ಯಾರಿರುತ್ತಾರೆ ಹೇಳಿ? ಕೇಳಬೇಕು. ಬಾಯಿಬಿಟ್ಟು ಕೇಳಬೇಕು.

ನಾನು ಮೊದಲ ಸಲ ಮಹಾನಗರಕ್ಕೆ ಹೋದಾಗ ನನಗೆ ಇಪ್ಪತ್ತೆರಡು ವರ್ಷ. ಅಲ್ಲಿನ ಭಾಷೆ ಒಂದಕ್ಷರ ಬರದು. ಎರಡನೇ ದಿನವೇ ಒಬ್ಬಳೇ ಊರು ನೋಡಲು ಹೊರಟೆ. ಸಂಜೆ ವಾಪಸ್ ಬರುವಾಗ ಬಸ್ಸಿನ ನಂಬರ್ ಸರಿಯಾಗೇ ನೋಡಿ ಹತ್ತಿದ್ದೆ, ದಿಕ್ಕು ಮಾತ್ರ ಉಲ್ಟಾ! ಕೊನೇ ಸ್ಟಾಪಿನಲ್ಲಿ ಕಂಡಕ್ಟರ್ ಇಳಿಯಿರಿ ಎಂದು ಕೈ ಮಾಡಿದಾಗಲೇ ಅದು ಗೊತ್ತಾಗಿದ್ದು. ಅಲ್ಲೊಂದು ನಕ್ಷೆಯ ಬೋರ್ಡಿತ್ತು. ಅದರ ಮುಂದೆ ಅರ್ಧ ಗಂಟೆ ನಿಂತೆ. ಓದುತ್ತಿದ್ದೆ ಅಂದುಕೊಳ್ಳಬೇಡಿ. ಹೊಸಬಳು ಅಂತ ಯಾರಿಗೂ ಗೊತ್ತಾಗಬಾರದು ಅಂತ ಸುಮ್ನೆ ನಿಂತಿದ್ದೆ. ಕತ್ತಲಾಗುತ್ತಾ ಬಂತು. ಕೊನೆಗೆ, ಮಲಗಿದ ಮಗುವನ್ನು ಹೆಗಲಿಗೆ ಹಾಕಿಕೊಂಡಿದ್ದ ಒಬ್ಬ ಹೆಂಗಸಿಗೆ ವಿಳಾಸದ ಚೀಟಿ ತೋರಿಸಿದೆ.

ಆಕೆಗೂ ಗೊತ್ತಿರಲಿಲ್ಲ. ಆದರೆ ಚೀಟಿ ವಾಪಸ್ ಕೊಡಲಿಲ್ಲ. ಪಕ್ಕದವರಿಗೆ ತೋರಿಸಿದರು. ಅವರು ಪೇಪರ್ ಮಾರುವವರನ್ನು ಕರೆದರು. ನೋಡನೋಡುತ್ತಾ ಐದು ಜನ ಸೇರಿದರು. ಒಬ್ಬರು ಬಸ್ಸು ಅಂತಾರೆ, ಇನ್ನೊಬ್ಬರು ರೈಲು ಅಂತಾರೆ. ಭಾಷೆ ಬರದಿದ್ದರೂ ವಾದ ಅರ್ಥವಾಗುತ್ತೆ, ಅಲ್ವಾ? ನನಗೆ ಅಳುವೂ ಬಂತು, ನಗುವೂ ಬಂತು. ಹುಟ್ಟಿದಾಗಿನಿಂದ ಅಲ್ಲೇ ಇದ್ದವರಿಗೂ ಇಡೀ ಊರು ಗೊತ್ತಿರುವುದಿಲ್ಲ. ಅವರವರ ದಾರಿ ಅವರವರಿಗೆ ಗೊತ್ತು, ಅಷ್ಟೇ. ಕೊನೆಗೆ ರೈಲಿನ ಪಕ್ಷ ಗೆದ್ದಿತು.

ಉಳಿದ ಕತೆ ಆಮೇಲೆ ಹೇಳುತ್ತೇನೆ. ಆ ಅರ್ಧ ಗಂಟೆಯ ಬಗ್ಗೆ ಸ್ವಲ್ಪ ಮಾತಾಡೋಣ. ಯಾಕೆ ನಿಂತೆ? ಕೇಳಿದರೆ ಇಲ್ಲ ಅಂದುಬಿಟ್ಟರೆ ಅನ್ನೋ ಹೆದರಿಕೆ. ಈ ಹೆದರಿಕೆಯನ್ನು ಅಳೆದು ನೋಡಿದವರಿದ್ದಾರೆ. ಫ್ರಾನ್ಸಿಸ್ ಫ್ಲಿನ್ ಮತ್ತು ವನೆಸಾ ಲೇಕ್ 2008ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಟ್ಟರು. ದಾರಿಯಲ್ಲಿ ಸಿಕ್ಕ ಅಪರಿಚಿತರನ್ನು ನಿಲ್ಲಿಸಿ, "ನನಗೆ ಜಿಮ್ ಎಲ್ಲಿದೆ ಗೊತ್ತಾಗುತ್ತಿಲ್ಲ, ಅಲ್ಲಿಯವರೆಗೆ ಜೊತೆಗೆ ಬರುತ್ತೀರಾ?" ಅಂತ ಕೇಳಬೇಕು. ಬರೀ ದಾರಿ ಹೇಳಿದರೆ ಸಾಲದು, ಜೊತೆಗೇ ನಡೆದು ಬರಬೇಕು! ಒಬ್ಬರು ಒಪ್ಪಬೇಕಾದರೆ ಏಳು ಜನರನ್ನಾದರೂ ಕೇಳಬೇಕಾಗುತ್ತೆ ಅಂತ ವಿದ್ಯಾರ್ಥಿಗಳು ಅಂದಾಜು ಮಾಡಿದ್ದರು. ನಿಜವಾಗಿ ಕೇಳಬೇಕಾಗಿ ಬಂದದ್ದು ಎರಡು ಮೂರು ಜನರನ್ನು. ಜನ ಇಲ್ಲ ಅನ್ನುವುದಕ್ಕಿಂತ ಜಾಸ್ತಿ, ಇಲ್ಲ ಅಂತಾರೆ ಅಂತ ನಾವೇ ತೀರ್ಮಾನ ಮಾಡಿಬಿಡುತ್ತೇವೆ. ಅದಕ್ಕೇ ಹೇಳುತ್ತಿದ್ದೇನೆ, ಕೇಳಬೇಕು.

ಹಾಗಂತ ಗುಂಪಿನ ಮುಂದೆ ನಿಂತು "ಯಾರಾದರೂ ಹೇಳ್ತೀರಾ?" ಅಂದರೆ ಕೆಲಸ ಆಗುವುದಿಲ್ಲ. 1968ರಲ್ಲಿ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ ಅನ್ನೋ ಮನಃಶಾಸ್ತ್ರಜ್ಞರು ಇದನ್ನು ಪ್ರಯೋಗ ಮಾಡಿ ತೋರಿಸಿದರು. ಬೇರೆ ಕೋಣೆಯಿಂದ ಇಂಟರ್‌ಕಾಮ್ ಮೂಲಕ ಯಾರಿಗೋ ಮೂರ್ಛೆ ಬಂದಂತೆ ದನಿ ಕೇಳಿಸಿದರು. ತಾನೊಬ್ಬನೇ ಕೇಳಿಸಿಕೊಳ್ಳುತ್ತಿದ್ದೇನೆ ಅಂದುಕೊಂಡವರಲ್ಲಿ ಶೇ. 85 ಮಂದಿ ಆ ದನಿ ನಿಲ್ಲುವ ಮೊದಲೇ ಸಹಾಯಕ್ಕೆ ಎದ್ದರು. ಇನ್ನೂ ನಾಲ್ವರು ಕೇಳುತ್ತಿದ್ದಾರೆ ಅಂದುಕೊಂಡವರಲ್ಲಿ ಎದ್ದವರು ಶೇ. 31 ಮಾತ್ರ. ಅವರೇನು ಕೆಟ್ಟವರಲ್ಲ. ಇನ್ನೊಬ್ಬರು ನೋಡಿಕೊಳ್ಳುತ್ತಾರೆ ಅಂದುಕೊಂಡವರು. ಆದ್ದರಿಂದ ಒಬ್ಬರ ಮುಖ ನೋಡಿ ಕೇಳಿ. ನೋಡಿ, ನನ್ನ ಹತ್ತಿರವೂ ಐದು ಜನ ಸೇರಿದ್ದು ನಾನು ಒಬ್ಬರನ್ನು ಕೇಳಿದ ಮೇಲೆ.

ಹೆಣ್ಣುಮಕ್ಕಳು ಕೈ ಎತ್ತುತ್ತಿದ್ದೀರಿ, ಗೊತ್ತಾಯಿತು. ಗುರುತಿಲ್ಲದವರನ್ನು ನಂಬುವುದು ಹೇಗೆ ಅಂತ ತಾನೇ? ತಾವಾಗಿ ಮೇಲೆ ಬಿದ್ದು ಬರುವವರು ಬೇರೆ, ನೀವು ನೋಡಿ ಆರಿಸಿ ಕೇಳಿದವರು ಬೇರೆ. ಆಯ್ಕೆ ನಿಮ್ಮ ಕೈಯಲ್ಲಿರಲಿ. ಜನ ಓಡಾಡುವ ಕಡೆ, ಆ ಜಾಗದಲ್ಲೇ ದಿನಾ ಇರುವವರನ್ನು ಕೇಳಿ. ಅಂಗಡಿಯವರು, ಕಾವಲಿನವರು. ಬೀದಿಯನ್ನು ಕಾಯುವುದು ಇಂಥವರ ಕಣ್ಣುಗಳೇ ಅಂತ ನಗರಗಳ ಬಗ್ಗೆ ಬರೆದ ಲೇಖಕಿ ಜೇನ್ ಜೇಕಬ್ಸ್ 1961ರಲ್ಲೇ ಬರೆದಿದ್ದರು. ಯಾರಾದರೂ ಅವಸರ ಮಾಡಿ ಎಲ್ಲಿಗೋ ಕರೆದರೆ ಹೋಗಬೇಡಿ. ಅಷ್ಟು ಸಾಕು.

ಫೋನಿನ ನಕ್ಷೆಯ ಬಗ್ಗೆ, ಭಾಷೆ ಕಲಿಯುವುದರ ಬಗ್ಗೆ ಹೇಳಬೇಕು ಅಂದುಕೊಂಡಿದ್ದೆ. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಫೋನ್ ಚಾರ್ಜ್ ಮಾಡಿಕೊಳ್ಳಿ, ವಿಳಾಸ ಕಾಗದದ ಮೇಲೂ ಬರೆದಿಟ್ಟುಕೊಳ್ಳಿ. ಆ ಊರಿನ ಭಾಷೆಯಲ್ಲಿ "ಎಲ್ಲಿ", "ಎಷ್ಟು ದೂರ" ಅನ್ನೋದನ್ನು ಹೋಗುವ ಮೊದಲೇ ಕಲಿಯಿರಿ.

ಕತೆ ಉಳಿಯಿತು. ಆ ಐದು ಜನರಲ್ಲಿ ಒಬ್ಬರು ವಯಸ್ಸಾದವರು. ನನ್ನನ್ನು ರಸ್ತೆ ದಾಟಿಸಿ, ಮೂರು ಬೆರಳು ತೋರಿಸಿದರು. ರೈಲು ನಿಲ್ದಾಣಕ್ಕೆ ಮೂರು ಸಿಗ್ನಲ್ ನೇರ, ಆಮೇಲೆ ಎಡಕ್ಕೆ. ನಡೆದೆ. ಎರಡನೇ ಸಿಗ್ನಲ್ ಹತ್ತಿರ ಗುಂಡಿಗೆ ಡವಡವ ಅಂತು, ತಿರುಗಿ ನೋಡಿದೆ. ಅವರು ಅಲ್ಲೇ ನಿಂತಿದ್ದರು. ಕೈ ಮೇಲೆತ್ತಿ, ಒಂದೇ ಒಂದು ಬೆರಳು ತೋರಿಸಿದರು. ಇನ್ನೊಂದು.