ಹಿತ್ತಲಿನ ಹುಳುಗಳ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಕೈತೋಟ ಮಾಡುವವರು ನಾಲ್ಕು ಜನ ಸೇರಿದರೆ ಎರಡು ದೂರು ಕೇಳುತ್ತವೆ. ಒಬ್ಬರು, "ಮೊದಲಿನ ಹಾಗೆ ಚಿಟ್ಟೆ, ದುಂಬಿ ಕಾಣೋದೇ ಇಲ್ಲ" ಅನ್ನುತ್ತಾರೆ. ಇನ್ನೊಬ್ಬರು, "ಅಯ್ಯೋ, ನಮ್ಮನೇಲಿ ಹುಳದ ಕಾಟ ತಡೆಯೋಕಾಗ್ತಿಲ್ಲ, ದಾಸವಾಳ ಪೂರ್ತಿ ಬೆಳ್ಳಗಾಗಿದೆ" ಅನ್ನುತ್ತಾರೆ. ಇಬ್ಬರಲ್ಲಿ ಯಾರೋ ಒಬ್ಬರು ತಪ್ಪು ಹೇಳುತ್ತಿರಬೇಕು ಅನಿಸುತ್ತದೆ, ಅಲ್ವಾ? ಆದರೆ ಇಬ್ಬರ ಮಾತೂ ನಿಜ. ಎಷ್ಟೋ ಸಲ ಒಂದೇ ಹಿತ್ತಲಲ್ಲಿ ಎರಡೂ ನಿಜ. ಹಲವು ಬಗೆಯ ಹುಳುಗಳು ವಿರಳವಾಗಿವೆ. ಕೆಲವೇ ಬಗೆಯವು ಮುತ್ತಿಕೊಂಡಿವೆ. ಈ ಎರಡು ದೂರುಗಳಿಗೂ ಒಂದು ನಂಟಿದೆ. ಅದರ ಒಂದು ಎಳೆ ನಮ್ಮ ಕೈಯಲ್ಲಿರುವ ಸ್ಪ್ರೇ ಬಾಟಲಿಗೇ ಬಂದು ಸೇರುತ್ತದೆ.

ಮುತ್ತಿಕೊಂಡವರಿಂದ ಶುರು ಮಾಡೋಣ. 2016ರಲ್ಲಿ ತಮಿಳುನಾಡಿನ ಪೊಳ್ಳಾಚಿ ಕಡೆಯ ತೆಂಗಿನ ತೋಟಗಳಲ್ಲಿ ಒಂದು ಹೊಸ ಬಿಳಿ ನೊಣ ಕಣ್ಣಿಗೆ ಬಿತ್ತು. ಮಧ್ಯ ಅಮೆರಿಕ ಕಡೆಯದು. ರೂಗೋಸ್ ಸುರುಳಿ ಬಿಳಿ ನೊಣ ಅಂತ ಹೆಸರು. ಹೆಸರಷ್ಟೇ ನೊಣ, ಕೆಲಸ ಗಿಡದ ರಸ ಹೀರುವುದು. ಕೆಲವೇ ವರ್ಷಗಳಲ್ಲಿ ಕೇರಳ, ಕರ್ನಾಟಕ, ಆಂಧ್ರ ಎಲ್ಲ ಕಡೆ ಹಬ್ಬಿತು. ತೆಂಗು ಅದಕ್ಕೆ ಅಚ್ಚುಮೆಚ್ಚು. ಆದರೆ ಬಾಳೆ, ಸೀಬೆ, ಸೀತಾಫಲವನ್ನೂ ಬಿಡುವುದಿಲ್ಲ. ಎಲೆಯ ಅಡಿಗೆ ಸುರುಳಿ ಸುರುಳಿಯಾಗಿ ಮೊಟ್ಟೆ ಇಟ್ಟು, ಮೇಲೆ ಬಿಳಿ ಮೇಣದ ಪುಡಿ ಉದುರಿಸುತ್ತದೆ. ಹೀರಿದ ರಸದಲ್ಲಿ ಹೆಚ್ಚಾದದ್ದನ್ನು ಸಿಹಿ ಅಂಟಾಗಿ ಕೆಳಗೆ ಸುರಿಸುತ್ತದೆ. ಆ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ತೆಂಗಿನ ಮರದ ಕೆಳಗೆ ಸ್ಕೂಟರ್ ನಿಲ್ಲಿಸಿದವರಿಗೆ ಇದು ಗೊತ್ತೇ ಇರುತ್ತದೆ. ಸೀಟೆಲ್ಲ ಅಂಟಂಟು.

ಇದಕ್ಕೆ ಯಾವ ಔಷಧಿ ಹೊಡೆಯಬೇಕು ಅಂತ ಕೇಳಿದರೆ ಕೀಟ ತಜ್ಞರು ಹೇಳಿದ ಉತ್ತರ ಅನೇಕರಿಗೆ ಹಿಡಿಸಲಿಲ್ಲ. ಹೊಡೆಯಬೇಡಿ ಅಂದರು. ಯಾಕೆ ಅಂದರೆ, ಈ ಬಿಳಿ ನೊಣದ ಮರಿಗಳ ಒಳಗೆ ಮೊಟ್ಟೆ ಇಡುವ ಒಂದು ಕಣಜ ಆಗಲೇ ಇಲ್ಲಿತ್ತು. ಕಣಜ ಅಂದ ತಕ್ಷಣ ಸೂರಿನಲ್ಲಿ ಗೂಡು ಕಟ್ಟಿ ಕಚ್ಚುವ ಕಣಜ ನೆನಪಾಗುತ್ತದೆ. ಇದು ಒಂದು ಮಿಲಿಮೀಟರ್ ಕೂಡ ಇಲ್ಲದ ಜೀವ. ಯಾರಿಗೂ ಕಚ್ಚುವುದಿಲ್ಲ. ಎನ್ಕಾರ್ಸಿಯಾ ಗ್ವಾಡೆಲೂಪೆ ಅಂತ ಇದರ ಹೆಸರು. 1993ರಲ್ಲಿ ಕೇರಳಕ್ಕೆ ಬಂದಿದ್ದ ಇನ್ನೊಂದು ಸುರುಳಿ ಬಿಳಿ ನೊಣವನ್ನು ತಿನ್ನುತ್ತಾ, ಯಾರೂ ತಂದು ಬಿಡದೆಯೇ ನಮ್ಮ ದೇಶದಲ್ಲಿ ನೆಲೆಯಾಗಿತ್ತು. ಹೊಸ ಬಿಳಿ ನೊಣ ಬಂದಾಗ ಅದಕ್ಕೂ ಬಾಯಿ ಹಾಕಿತು. ಕಣಜದ ಮರಿ ಒಳಗೆ ಬೆಳೆಯುತ್ತಿರುವ ಬಿಳಿ ನೊಣದ ಮರಿ ಕಪ್ಪಾಗುತ್ತದೆ. ಎಲೆ ತಿರುಗಿಸಿ ನೋಡಿ. ಬಿಳಿ ಮೇಣದ ನಡುವೆ ಕಪ್ಪು ಚುಕ್ಕಿಗಳು, ಅದರಲ್ಲಿ ದುಂಡನೆಯ ತೂತು ಕಂಡರೆ ಕಣಜ ಕೆಲಸ ಮುಗಿಸಿ ಹೊರಗೆ ಹೋಗಿದೆ ಅಂತ ಅರ್ಥ. ಆ ಎಲೆಯ ಮೇಲೆ ವಿಷ ಹೊಡೆದರೆ ಮೊದಲು ಸಾಯುವುದು ಮೇಣದ ಕೆಳಗೆ ಬೆಚ್ಚಗಿರುವ ಬಿಳಿ ನೊಣ ಅಲ್ಲ, ಎಲೆಯ ಮೇಲೆ ಓಡಾಡುವ ಈ ಕಣಜ.

ಇದೇ ಥರದ್ದು ಇನ್ನೊಂದು. 2008ರಲ್ಲಿ ಕೊಯಮತ್ತೂರಿನಲ್ಲಿ ಪಪ್ಪಾಯಿ ಹಿಟ್ಟು ತಿಗಣೆ ಕಾಣಿಸಿಕೊಂಡಿತು. ಮೈಗೆ ಬಿಳಿ ಹಿಟ್ಟು ಮೆತ್ತಿಕೊಂಡಂತೆ ಕಾಣುವ, ಗಿಡದ ರಸ ಹೀರುವ ಹುಳು ಇದು. ಮೂಲ ಮೆಕ್ಸಿಕೋ. ಪಪ್ಪಾಯಿ, ಹಿಪ್ಪುನೇರಳೆ, ದಾಸವಾಳ, ನುಗ್ಗೆ, ಸಿಕ್ಕಿದ್ದಕ್ಕೆಲ್ಲ ಹತ್ತಿಕೊಂಡಿತು. ರೇಷ್ಮೆ ಬೆಳೆಗಾರರು ಕಂಗಾಲಾದರು, ಯಾಕೆಂದರೆ ಹಿಪ್ಪುನೇರಳೆ ಸೊಪ್ಪಿಗೆ ವಿಷ ಹೊಡೆದರೆ ರೇಷ್ಮೆ ಹುಳುವೇ ಸಾಯುತ್ತದೆ. 2010ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಸ್ಥೆಯವರು ಪೋರ್ಟೊ ರಿಕೊದಿಂದ ಮೂರು ಬಗೆಯ ಪುಟ್ಟ ಕಣಜ ತರಿಸಿ, ಇಲ್ಲಿ ಬೆಳೆಸಿ, ತೋಟಗಳಿಗೆ ಬಿಟ್ಟರು. ಅವುಗಳಲ್ಲಿ ಅಸೆರೋಫೇಗಸ್ ಪಪ್ಪಾಯೆ ಎಂಬುದು ಎಲ್ಲಕ್ಕಿಂತ ಚೆನ್ನಾಗಿ ನೆಲೆ ನಿಂತಿತು. ತಿಗಣೆ ಹತೋಟಿಗೆ ಬಂತು. ಇವತ್ತು ಪಪ್ಪಾಯಿ ಹಣ್ಣು ತಿನ್ನುವ ನಮ್ಮಲ್ಲಿ ಎಷ್ಟು ಜನಕ್ಕೆ ಈ ಕಣಜದ ಹೆಸರು ಗೊತ್ತು? ಒಳ್ಳೇ ಕೆಲಸ ಮಾಡಿದ ಹುಳುವಿಗೆ ನಮ್ಮಲ್ಲಿ ಪ್ರಚಾರ ಕಮ್ಮಿ.

ಹಾಗಾದರೆ ಹೊಡೆದ ಮೇಲೂ ಕಾಟ ಜಾಸ್ತಿ ಆಗುವುದು ಯಾಕೆ? ಅಲಸಂದೆ ಕುಡಿಗೆ ಮೆತ್ತಿಕೊಳ್ಳುವ ಕಪ್ಪು ಹೇನನ್ನು ನೋಡಿ. ಅದಕ್ಕೆ ಗಂಡಿನ ಹಂಗಿಲ್ಲ. ಹೆಣ್ಣು ಹೇನು ನೇರವಾಗಿ ಹೆಣ್ಣು ಮರಿಗಳನ್ನೇ ಹಾಕುತ್ತದೆ. ಸುಮಾರು ಒಂದು ವಾರದಲ್ಲಿ ಆ ಮರಿಗಳೂ ಮರಿ ಹಾಕಲು ಶುರು ಮಾಡುತ್ತವೆ. ಅದನ್ನು ತಿನ್ನುವ ಗುಲಗಂಜಿ ಹುಳು ಮೊಟ್ಟೆಯಿಂದ ದೊಡ್ಡದಾಗಲು ಎರಡು ಮೂರು ವಾರ ಬೇಕು. ಇಬ್ಬರಿಗೂ ಒಟ್ಟಿಗೆ ವಿಷ ಬಿದ್ದರೆ ಮೊದಲು ಎದ್ದು ನಿಲ್ಲುವುದು ಯಾರು? ಉಳಿದ ನಾಲ್ಕು ಹೇನು ಸಾಕು. ತಿನ್ನುವವರಿಲ್ಲದ ಗಿಡದಲ್ಲಿ ಅವು ಮೊದಲಿಗಿಂತ ಜಾಸ್ತಿಯಾಗುತ್ತವೆ. ಆಗ ನಾವು ಇನ್ನೂ ಬಲವಾದ ಔಷಧಿ ಕೊಡಿ ಅಂತ ಅಂಗಡಿಗೆ ಹೋಗುತ್ತೇವೆ.

ಇನ್ನೊಂದು ಮಾತು. ಗುಲಗಂಜಿ ಹುಳು ದೊಡ್ಡದಾದ ಮೇಲೆ ಕೆಂಪಗೆ ಮುದ್ದಾಗಿರುತ್ತದೆ, ಎಲ್ಲರಿಗೂ ಗುರುತು. ಅದರ ಮರಿ ಮಾತ್ರ ಕಪ್ಪಗೆ, ಮುಳ್ಳುಮುಳ್ಳಾಗಿ, ಪುಟ್ಟ ಮೊಸಳೆ ಥರ ಇರುತ್ತದೆ. ದೊಡ್ಡ ಹುಳುವಿನಷ್ಟೇ ಹೇನನ್ನು ಅದೂ ತಿನ್ನುತ್ತದೆ. ಆದರೆ ಕಂಡವರೆಲ್ಲ ಅದನ್ನು ಹೊಸಕಿ ಹಾಕುತ್ತಾರೆ. ಹಿಟ್ಟು ತಿಗಣೆ ತಿನ್ನುವ ಇನ್ನೊಂದು ಗುಲಗಂಜಿ ಇದೆ, ಕ್ರಿಪ್ಟೊಲೀಮಸ್ ಅಂತ. 1898ರಲ್ಲೇ ಕಾಫಿ ಗಿಡದ ಕೀಟಕ್ಕಾಗಿ ಆಸ್ಟ್ರೇಲಿಯಾದಿಂದ ತಂದದ್ದು. ಇದರ ಮರಿ ಮೈತುಂಬ ಬಿಳಿ ಮೇಣ ಹೊತ್ತು ಥೇಟ್ ತಿಗಣೆಯ ಹಾಗೆಯೇ ಕಾಣುತ್ತದೆ. ವ್ಯತ್ಯಾಸ ತಿಳಿಯಲು ಸುಮ್ನೆ ಎರಡು ನಿಮಿಷ ನೋಡಿ. ತಿಗಣೆ ಕೂತಲ್ಲೇ ಕೂತಿರುತ್ತದೆ. ಇದು ದೊಡ್ಡದು, ಚುರುಕಾಗಿ ಓಡಾಡುತ್ತದೆ. ಗಿಡದ ಬುಡದಿಂದ ಇರುವೆ ಸಾಲು ಹತ್ತುತ್ತಿದ್ದರೆ ಅದನ್ನು ಮೊದಲು ತಡೆಯಿರಿ. ಸಿಹಿ ಅಂಟಿನ ಆಸೆಗೆ ಇರುವೆಗಳು ತಿಗಣೆಯನ್ನು ಕಾಯುತ್ತವೆ, ಗುಲಗಂಜಿಯನ್ನು ಓಡಿಸುತ್ತವೆ.

ಇನ್ನು ವಿರಳವಾದವರ ಕಡೆ ಬರೋಣ. ಟೊಮೇಟೊ, ಬದನೆ ಹೂವಿನಲ್ಲಿ ಪರಾಗ ಒಂದು ಪುಟ್ಟ ಕೊಳವೆಯೊಳಗೆ ಇರುತ್ತದೆ, ತುದಿಯಲ್ಲಿ ಸಣ್ಣ ರಂಧ್ರ. ಅದನ್ನು ಅದುರಿಸಿದರೆ ಮಾತ್ರ ಪರಾಗ ಉದುರುತ್ತದೆ. ಮರ ಕೊರೆಯುವ ದೊಡ್ಡ ಕಪ್ಪು ದುಂಬಿ, ಹೊಟ್ಟೆಯ ಮೇಲೆ ನೀಲಿ ಪಟ್ಟಿಯ ದುಂಬಿ, ಇವು ಹೂವನ್ನು ಹಿಡಿದು ರೆಕ್ಕೆಯ ಸ್ನಾಯು ಅದುರಿಸಿ ಗುಂಯ್ ಅನ್ನಿಸುತ್ತವೆ. ಜೇನುಹುಳುವಿಗೆ ಈ ವಿದ್ಯೆ ಬರುವುದಿಲ್ಲ. ಈ ದುಂಬಿಗಳಿಗೆ ಜೇನುಗೂಡಿನಂಥ ದೊಡ್ಡ ಸಂಸಾರವಿಲ್ಲ. ನೀಲಿ ಪಟ್ಟಿಯದು ಮಣ್ಣಿನಲ್ಲಿ, ಹಳೆ ಮಣ್ಣಿನ ಗೋಡೆಯಲ್ಲಿ ತೂತು ಮಾಡಿ ಮೊಟ್ಟೆ ಇಡುತ್ತದೆ. ಕಪ್ಪು ದುಂಬಿಗೆ ಒಣ ಮರ, ಬಿದಿರಿನ ಬೊಂಬು ಬೇಕು. ಈಗ ನಮ್ಮ ಮನೆಗಳ ಸುತ್ತ ಏನಿದೆ ನೋಡಿ. ಕಾಂಪೌಂಡ್ ತನಕ ಸಿಮೆಂಟು ಇಲ್ಲವೇ ಇಂಟರ್‌ಲಾಕ್ ಟೈಲ್ಸ್. ಒಣ ಕೊಂಬೆ ಕಂಡರೆ ಕಡಿದು ಹಾಕುತ್ತೇವೆ. ಕೆಸರು ಅಂತ ಅಂಗೈಯಗಲ ಮಣ್ಣೂ ಉಳಿಸುವುದಿಲ್ಲ. ಹೂವು ಇದ್ದರೂ ಮನೆ ಇಲ್ಲದ ದುಂಬಿ ಎಲ್ಲಿಂದ ಬರಬೇಕು? ತಾರಸಿ ತೋಟದವರು ಟೊಮೇಟೊ ಗೊಂಚಲನ್ನು ಬೆರಳಿನಿಂದ ತಟ್ಟುತ್ತಾರೆ. ಅದು ದುಂಬಿಯ ಕೆಲಸ, ನಾವು ಮಾಡುತ್ತಿದ್ದೇವೆ ಅಷ್ಟೇ.

ನೀಲಿ ಪಟ್ಟಿಯ ಗಂಡು ದುಂಬಿಗಳು ರಾತ್ರಿ ಮಲಗುವುದನ್ನು ನೋಡಿದ್ದೀರಾ? ಸಂಜೆ ಒಂದು ಒಣ ಕಡ್ಡಿಯನ್ನು ದವಡೆಯಿಂದ ಕಚ್ಚಿಕೊಂಡು ಸಾಲಾಗಿ ನೇತಾಡುತ್ತವೆ. ಹಿತ್ತಲನ್ನು ತೀರಾ ಚೊಕ್ಕ ಮಾಡಿಟ್ಟವರಿಗೆ ಈ ನೋಟ ಸಿಗುವುದು ಕಷ್ಟ.

ಹೂವಿನ ಗಿಡಗಳೂ ಬದಲಾಗಿವೆ. ನರ್ಸರಿಯಲ್ಲಿ ಸಿಗುವ ಡಬಲ್ ದಾಸವಾಳದಲ್ಲಿ ಕೇಸರಗಳೇ ದಳಗಳಾಗಿರುತ್ತವೆ. ನೋಡಲು ತುಂಬಿದ ಹೂವು, ಹುಳುವಿನ ಪಾಲಿಗೆ ಖಾಲಿ ತಟ್ಟೆ. ತುಳಸಿ ಕದಿರನ್ನು ಚಿವುಟುವ ಪದ್ಧತಿ ಇದೆ, ಗಿಡ ದಟ್ಟವಾಗಿ ಬೆಳೆಯಲಿ ಅಂತ. ನಾಲ್ಕು ಕದಿರು ಬಿಟ್ಟು ನೋಡಿ, ನಸರಿ ಜೇನು ಹುಡುಕಿಕೊಂಡು ಬರುತ್ತದೆ. ಚಿಟ್ಟೆಗಳ ವಿಷಯದಲ್ಲಂತೂ ಹೂವಿಗಿಂತ ಎಲೆ ಮುಖ್ಯ. ನಿಂಬೆ ಚಿಟ್ಟೆಗೆ ನಿಂಬೆ, ಕರಿಬೇವಿನ ಎಲೆ ಬೇಕು. ಅದರ ಮರಿ ಮೊದಲು ಹಕ್ಕಿ ಹಿಕ್ಕೆಯಂತೆ ಕಾಣುತ್ತದೆ, ಆಮೇಲೆ ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕಿತ್ತಳೆ ಬಣ್ಣದ ಕವಲು ಚಾಚಿ ಘಾಟು ವಾಸನೆ ಬಿಡುತ್ತದೆ. ಕರಿಬೇವಿನ ಸಣ್ಣ ಗಿಡವನ್ನು ನಾಲ್ಕೈದು ಮರಿಗಳು ಬೋಳು ಮಾಡಬಲ್ಲವು, ನಿಜ. ಆದರೆ ಗಿಡ ಮತ್ತೆ ಚಿಗುರುತ್ತದೆ. ಎಕ್ಕದ ಗಿಡ ಕಿತ್ತರೆ ಕೇಸರಿ ಬಣ್ಣದ ಹುಲಿಚಿಟ್ಟೆ ಇಲ್ಲ. ನಂದಿಬಟ್ಟಲಿಗೆ ವಿಷ ಹೊಡೆದರೆ ಕಣಗಿಲೆ ಪತಂಗ ಇಲ್ಲ. ನಮ್ಮ ರಾಜ್ಯದ ಚಿಟ್ಟೆಯೇ ಇದೆಯಲ್ಲ, ರೆಕ್ಕೆ ಬಿಚ್ಚಿದರೆ 14ರಿಂದ 19 ಸೆಂಟಿಮೀಟರ್ ಅಗಲ, ಕಪ್ಪು ಹಳದಿ ಬಣ್ಣದ್ದು, ಅದು ಮೊಟ್ಟೆ ಇಡುವುದು ಈಶ್ವರಿ ಬಳ್ಳಿಯ ಜಾತಿಯ ಗಿಡಗಳ ಮೇಲೆ ಮಾತ್ರ. ಮರಿ ತಿನ್ನಬಾರದು, ಚಿಟ್ಟೆ ಮಾತ್ರ ಬರಬೇಕು ಅಂದರೆ ಹೇಗೆ?

ನರ್ಸರಿಯವರು ಕುಂಡದ ಮಣ್ಣಿಗೆ ಬೆರೆಸಲು ಹೇಳುವ ಔಷಧಿಗಳಲ್ಲಿ ಇಮಿಡಾಕ್ಲೋಪ್ರಿಡ್ ಜಾತಿಯವು ಇರುತ್ತವೆ. ಇವು ಬೇರಿನಿಂದ ಹೀರಿಕೊಂಡು ಎಲೆ, ಹೂವು, ಪರಾಗ, ಮಕರಂದ ಎಲ್ಲಕ್ಕೂ ಸೇರುತ್ತವೆ. ಜೇನಿಗೆ ಅಪಾಯ ಅಂತ ಯುರೋಪಿನ ಒಕ್ಕೂಟ 2018ರಲ್ಲಿ ಇಂಥ ಮೂರು ಔಷಧಿಗಳನ್ನು ಹೊಲ ತೋಟಗಳಲ್ಲಿ ಬಳಸುವುದನ್ನು ನಿಲ್ಲಿಸಿತು. ಮನೆಗೆ ನಾಲ್ಕು ಕಟ್ಟು ಸೊಪ್ಪು ಬೆಳೆದುಕೊಳ್ಳುವವರಿಗೆ ಇದರ ಅಗತ್ಯವೇ ಇಲ್ಲ ಅನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ. ಜೋರಾಗಿ ನೀರು ಚಿಮ್ಮಿಸಿದರೆ ಹೇನು ಅರ್ಧಕ್ಕರ್ಧ ಉದುರಿ ಹೋಗುತ್ತದೆ. ಅದಕ್ಕೂ ಬಗ್ಗದಿದ್ದರೆ ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ಸ್ವಲ್ಪ ಸೋಪು. ಅದನ್ನೂ ಸಂಜೆ, ದುಂಬಿಗಳು ಹೋದ ಮೇಲೆ, ಹುಳು ಇರುವ ಕುಡಿಗೆ ಮಾತ್ರ.

ಆದರೆ ಎಲ್ಲದಕ್ಕೂ ಔಷಧಿಯೇ ಕಾರಣ ಅಂದರೆ ತಪ್ಪಾಗುತ್ತದೆ. 1991-92ರ ಸುಮಾರಿಗೆ ದಕ್ಷಿಣ ಭಾರತದಲ್ಲಿ ತುಡುವೆ ಜೇನು ಇದ್ದಕ್ಕಿದ್ದಂತೆ ಮಾಯವಾಯಿತು. ಅದಕ್ಕೆ ಕಾರಣ ಮರಿಗಳನ್ನು ಕೊಲ್ಲುವ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ. ಕೊಡಗು, ಕರಾವಳಿ ಕಡೆ ಜೇನು ಪೆಟ್ಟಿಗೆಗಳು ಖಾಲಿಯಾದವು. ಆಮೇಲೆ ನಿಧಾನಕ್ಕೆ ಚೇತರಿಸಿಕೊಂಡವು. ಇನ್ನು ಮಿಂಚುಹುಳುವಿಗೆ ಬೆಳಕೇ ಶತ್ರು. ಗಂಡು ಹೆಣ್ಣು ಮಿನುಗಿ ಮಿನುಗಿ ಒಂದನ್ನೊಂದು ಹುಡುಕಬೇಕು. ಗೇಟಿನ ಮೇಲೆ ರಾತ್ರಿಯಿಡೀ ಎಲ್‌ಇಡಿ ಉರಿಯುತ್ತಿದ್ದರೆ ಆ ಸನ್ನೆ ಕಾಣುವುದು ಹೇಗೆ? ಚಿಟ್ಟೆಗಳಲ್ಲಿ ಕೆಲವು ವಲಸೆ ಹೋಗುತ್ತವೆ. ಕಪ್ಪು ಮೈಗೆ ತಿಳಿನೀಲಿ ಚುಕ್ಕೆ ಇರುವ ಚಿಟ್ಟೆಗಳು ಮುಂಗಾರಿಗೆ ಮುಂಚೆ ಘಟ್ಟದಿಂದ ಪೂರ್ವದ ಬಯಲಿಗೆ ಹಾರಿ, ಮಳೆ ಮುಗಿದ ಮೇಲೆ ವಾಪಸ್ ಹೋಗುತ್ತವೆ. ಆ ದಿನಗಳಲ್ಲಿ ಬೆಂಗಳೂರಿನ ಹಿತ್ತಲಲ್ಲೂ ಚಿಟ್ಟೆಗಳ ಜಾತ್ರೆ. ಹದಿನೈದು ದಿನ ಬಿಟ್ಟು ನೋಡಿದರೆ ಒಂದೂ ಇಲ್ಲ. ಅವು ಸತ್ತಿಲ್ಲ, ಊರಿಗೆ ಹೋಗಿವೆ.

ಅದಕ್ಕೇ ನೆನಪನ್ನು ನಂಬುವುದಕ್ಕಿಂತ ಲೆಕ್ಕ ಇಡುವುದು ಒಳ್ಳೆಯದು. ಜರ್ಮನಿಯ ಕ್ರೆಫೆಲ್ಡ್ ಎಂಬ ಊರಿನ ಕೀಟಪ್ರಿಯರ ಸಂಘದವರು 63 ರಕ್ಷಿತ ಜಾಗಗಳಲ್ಲಿ ಬಟ್ಟೆಯ ಬಲೆ ಕಟ್ಟಿ, ಬಿದ್ದ ಹುಳುಗಳನ್ನು ತೂಗಿ ಬರೆದಿಟ್ಟರು. 2017ರಲ್ಲಿ ಆ ಲೆಕ್ಕ ಪ್ರಕಟವಾದಾಗ ಜಗತ್ತು ಬೆಚ್ಚಿತು. 27 ವರ್ಷಗಳಲ್ಲಿ ಹಾರುವ ಕೀಟಗಳ ತೂಕ ನಾಲ್ಕರಲ್ಲಿ ಮೂರು ಪಾಲು ಇಳಿದಿತ್ತು. ನೆನಪಿಡಿ, ಅದು ಜರ್ಮನಿಯ ಲೆಕ್ಕ, ಅದನ್ನು ನಮ್ಮೂರಿಗೆ ಅಂಟಿಸಲು ಬರುವುದಿಲ್ಲ. ಇಂಗ್ಲೆಂಡಿನ ಲೆಸ್ಟರ್ ನಗರದ ಜೆನಿಫರ್ ಓವನ್ ಎಂಬ ಪ್ರಾಣಿಶಾಸ್ತ್ರಜ್ಞೆ ಇನ್ನೂ ಹತ್ತಿರದ ಮಾದರಿ. 1972ರಿಂದ 2001ರವರೆಗೆ ತಮ್ಮ ಮನೆಯ ತೋಟವೊಂದನ್ನೇ ನೋಡಿ ಬರೆದರು. ತರಕಾರಿ, ಹೂವು, ಹುಲ್ಲು ಇರುವ ಸಾಮಾನ್ಯ ತೋಟ ಅದು. ಕೀಟನಾಶಕ ಬಳಸಲಿಲ್ಲ. ಒಟ್ಟು 2,673 ಬಗೆಯ ಜೀವಿಗಳು ಸಿಕ್ಕವು. ಅದರಲ್ಲಿ 1,997 ಕೀಟಗಳೇ. ಕೆಲವು ಪುಟ್ಟ ಕಣಜಗಳಂತೂ ವಿಜ್ಞಾನಕ್ಕೇ ಹೊಸವು. ಇಂಗ್ಲೆಂಡಿನ ಚಳಿಯಲ್ಲೇ ಅಷ್ಟು ಬಗೆ ಇದ್ದರೆ ಮಲೆನಾಡಿನ ಒಂದು ಹಿತ್ತಲಲ್ಲಿ ಎಷ್ಟಿರಬೇಡ!

ನಾವು ಅಷ್ಟು ದೊಡ್ಡದಾಗಿ ಮಾಡಬೇಕಾಗಿಲ್ಲ. ಹೂವು ಬಿಟ್ಟಿರುವ ಒಂದೇ ಗಿಡ ಆರಿಸಿ. ತುಳಸಿ ಆದೀತು, ಬದನೆ ಆದೀತು. ಬಿಸಿಲು ಬಂದ ಮೇಲೆ, ಒಂಬತ್ತು ಹತ್ತರ ಹೊತ್ತಿಗೆ, ಹತ್ತು ನಿಮಿಷ ಕೂತು ಹೂವಿಗೆ ಬಂದವರನ್ನು ಎಣಿಸಿ. ಹೆಸರು ಗೊತ್ತಿಲ್ಲದಿದ್ದರೆ ಪರವಾಗಿಲ್ಲ. ದೊಡ್ಡ ಕಪ್ಪು ದುಂಬಿ, ಸಣ್ಣ ಜೇನು, ಬಿಳಿ ಚಿಟ್ಟೆ, ನೊಣ ಅಂತ ಬರೆದರೂ ಸಾಕು. ದಿನಾಂಕ, ಬಿಸಿಲೋ ಮೋಡವೋ, ಇದನ್ನೂ ಬರೆಯಿರಿ. ವಾರಕ್ಕೊಮ್ಮೆ ಸಾಕು, ಆದರೆ ಅದೇ ಗಿಡ, ಅದೇ ಹೊತ್ತು. ಯಾರೂ ಬರದ ದಿನ ಸೊನ್ನೆ ಅಂತ ಬರೆಯುವುದನ್ನು ಮಾತ್ರ ಬಿಡಬೇಡಿ. ಬಂದ ದಿನ ಮಾತ್ರ ಬರೆದರೆ ಎಲ್ಲವೂ ಚೆನ್ನಾಗಿದೆ ಅನ್ನುವ ಸುಳ್ಳು ಲೆಕ್ಕ ಆಗುತ್ತದೆ.

ಸೋರೆ, ಹೀರೆ ಬೆಳೆಯುವವರಿಗೆ ಹೊತ್ತು ಬೇರೆ. ಅವುಗಳ ಹೂವು ಅರಳುವುದೇ ಸಂಜೆ, ಸೋರೆಗೆ ಬರುವವರಲ್ಲಿ ಪತಂಗಗಳು ಮುಖ್ಯ. ಮಿಡಿ ಹಳದಿಯಾಗಿ ಉದುರುತ್ತಿದ್ದರೆ ಗೊಬ್ಬರ ಸುರಿಯುವ ಮುಂಚೆ ಒಂದು ಸಂಜೆ ಚಪ್ಪರದ ಹತ್ತಿರ ನಿಲ್ಲಿ. ಹೊರಗಿನ ದೀಪ ಆರಿಸಿ, ಟಾರ್ಚಿನ ಗಾಜಿಗೆ ಕೆಂಪು ಗಾಜುಕಾಗದ ಕಟ್ಟಿಕೊಳ್ಳಿ, ಕೆಂಪು ಬೆಳಕಿಗೆ ಅವು ಅಷ್ಟಾಗಿ ಬೆದರುವುದಿಲ್ಲ. ಯಾರೂ ಬರಲಿಲ್ಲ ಅಂದರೆ ಗಂಡು ಹೂವನ್ನು ಕಿತ್ತು, ದಳ ಬಿಡಿಸಿ, ಬುಡದಲ್ಲಿ ಪುಟ್ಟ ಮಿಡಿ ಇರುವ ಹೆಣ್ಣು ಹೂವಿಗೆ ನೀವೇ ಸವರಬೇಕಾಗುತ್ತದೆ. ಅದನ್ನೂ ಅವತ್ತಿನ ಲೆಕ್ಕದಲ್ಲಿ ಬರೆದಿಡಿ.

ನಮಸ್ಕಾರ.