ನೆತ್ತಿ ಮೇಲೆ ಬಿಸಿಲು, ಕಾಲಡಿಗೆ ಪ್ರವಾಹ: ಕಾಡಿನ ಜಲಪಾತಕ್ಕೆ ಹೊರಟವರಿಗೆ

[ದೃಶ್ಯ: ಜಲಪಾತದ ಎದುರು ಬಂಡೆಗಳ ಮೇಲೆ ಹುಡುಗರ ಗುಂಪು. ತಿಳಿ ಆಕಾಶ.]

ನಮಸ್ಕಾರ್ರೀ ಎಲ್ಲರಿಗೂ. ಕಾರಟಗಿಯಿಂದ ಒಬ್ಬರು ಪ್ರಶ್ನೆ ಕಳಿಸಿದ್ದಾರೆ. "ಸರ್, ನಾವು ಗೆಳೆಯರೆಲ್ಲ ಸೇರಿ ಆಗಸ್ಟ್‌ನಲ್ಲಿ ಘಟ್ಟದ ಕಡೆ ಫಾಲ್ಸ್ ನೋಡೋಕೆ ಹೊರಟಿದ್ದೇವೆ. ಮಳೆ ಇದ್ದರೆ ನೀರಿಗೆ ಇಳಿಯಲ್ಲ. ಬಿಸಿಲಿದ್ದರೆ ಇಳಿಯಬಹುದಲ್ವಾ? ನೀರು ಏರಿದರೂ ಓಡಿ ದಡಕ್ಕೆ ಬಂದರಾಯ್ತು."

ಒಳ್ಳೆಯ ಪ್ರಶ್ನೆ. ಎರಡು ನಂಬಿಕೆ ಇವೆ ಇದರಲ್ಲಿ. ಬಿಸಿಲಿದ್ದರೆ ನೀರು ಏರಲ್ಲ ಅನ್ನೋದು ಒಂದು. ಏರಿದರೂ ಓಡಬಹುದು ಅನ್ನೋದು ಇನ್ನೊಂದು. ಎರಡನ್ನೂ ಇವತ್ತು ಬಿಚ್ಚಿ ನೋಡೋಣ.

ಅದಕ್ಕೂ ಮೊದಲು, ಎಲ್ಲರೂ ಹೇಳುವ ಮಾತು ಬೇಗ ಬೇಗ ಹೇಳಿ ಮುಗಿಸುತ್ತೇನೆ. ಹಿಡಿತ ಇರುವ ಶೂ ಹಾಕಿ, ಹವಾಯಿ ಚಪ್ಪಲಿ ಬೇಡ. ಟಾರ್ಚ್, ಸೀಟಿ, ಒಂದು ಹಗ್ಗ ಇರಲಿ. ಅರಣ್ಯ ಇಲಾಖೆ ಅನುಮತಿ ಬೇಕಾದ ಕಡೆ ಅನುಮತಿ ತಗೊಳ್ಳಿ. ನಮ್ಮ ರಾಜ್ಯದಲ್ಲಿ ಹಲವು ಚಾರಣಗಳಿಗೆ ಅರಣ್ಯ ವಿಹಾರ ಅನ್ನುವ ಸರ್ಕಾರಿ ಜಾಲತಾಣದಲ್ಲೇ ಬುಕಿಂಗ್ ಇದೆ. ಊರಿನ ಒಬ್ಬರನ್ನು ಗೈಡ್ ಆಗಿ ಕರೆದುಕೊಳ್ಳಿ. ಎಣ್ಣೆ ಪಾರ್ಟಿ ಮಾಡೋದಿದ್ದರೆ ಊರಲ್ಲೇ ಮಾಡಿ, ಅಷ್ಟು ದೂರ ಪೆಟ್ರೋಲ್ ಸುಟ್ಟುಕೊಂಡು ಹೋಗುವ ಕಷ್ಟ ಯಾಕೆ? ಆಯ್ತು, ಮುಂದೆ.

[ದೃಶ್ಯ: ಕಂಪ್ಲಿ ಸೇತುವೆ. ಅದರ ಮೇಲೆ ಕೆಂಪು ನೀರು ಹರಿಯುತ್ತಿದೆ.]

ಕಾರಟಗಿಯವರು ಕಂಪ್ಲಿ ಸೇತುವೆ ನೋಡಿಲ್ಲ ಅಂದರೆ ನಾನು ನಂಬಲ್ಲ. ಗಂಗಾವತಿಗೂ ಕಂಪ್ಲಿಗೂ ನಡುವೆ ಇರೋದು. ತುಂಗಭದ್ರಾ ಡ್ಯಾಂನಿಂದ ಲಕ್ಷಗಟ್ಟಲೆ ಕ್ಯೂಸೆಕ್ ನೀರು ಬಿಟ್ಟಾಗ ಅದು ಮುಳುಗುತ್ತದೆ, ಬಸ್ಸು ಸುತ್ತು ಹಾಕಿಕೊಂಡು ಹೋಗುತ್ತದೆ. ಈಗ ನೆನಪು ಮಾಡಿಕೊಳ್ಳಿ. ಸೇತುವೆ ಮುಳುಗಿದ ದಿನ ಕಂಪ್ಲಿಯಲ್ಲಿ ಮಳೆ ಇತ್ತಾ? ಎಷ್ಟೋ ಸಲ ಒಂದು ಹನಿಯೂ ಇರಲ್ಲ. ಸುಡು ಬಿಸಿಲಲ್ಲಿ ಜನ ದಡದಲ್ಲಿ ನಿಂತು ಮೊಬೈಲ್‌ನಲ್ಲಿ ಹೊಳೆ ಹಿಡಿಯುತ್ತಿರುತ್ತಾರೆ. ಮಳೆ ಆಗಿದ್ದು ಶೃಂಗೇರಿ, ತೀರ್ಥಹಳ್ಳಿ, ಶಿವಮೊಗ್ಗದ ಕಡೆ. ಮುಳುಗಿದ್ದು ನಮ್ಮ ಸೇತುವೆ. ಹಂಪಿಯ ಪುರಂದರ ಮಂಟಪ ನೀರಲ್ಲಿ ನಿಲ್ಲೋದೂ ಹೀಗೇ.

ಅಂದರೆ ಈ ವಿಷಯ ನಮಗೆ ಗೊತ್ತಿರೋದೇ. ಬಯಲುಸೀಮೆಯ ಯಾವ ಅಜ್ಜಿಯನ್ನು ಕೇಳಿದರೂ ಹೇಳುತ್ತಾಳೆ, "ಹಳ್ಳ ಬಂದಾಗ ದಾಟಬ್ಯಾಡೋ." ವರ್ಷದ ಬಹುಪಾಲು ಒಣಗಿ ಮರಳು ಕಾಣುವ ಹಳ್ಳ, ಮೇಲಿನ ಊರಲ್ಲಿ ಮಳೆ ಆದರೆ ಇಲ್ಲಿ ಒಮ್ಮೆಲೇ ಬರುತ್ತದೆ. ಮೊದಲು ಕಸ ಕಡ್ಡಿ, ನೊರೆ, ಜಾಲಿ ಟೊಂಗೆ. ಹಿಂದೆಯೇ ಕೆಂಪು ನೀರು. ಹೊಲದಿಂದ ಬಂದವರು ಎಮ್ಮೆ ಹಿಡಿದುಕೊಂಡು ಆಚೆ ದಡದಲ್ಲೇ ಕೂತುಬಿಡುತ್ತಾರೆ, ಹಳ್ಳ ಇಳಿಯುವ ತನಕ. ಯಾರೂ ಅವಸರ ಮಾಡಲ್ಲ. ಅದೇ ಜನ ರಜೆಗೆ ಘಟ್ಟಕ್ಕೆ ಹೋದರೆ ನೀರಿನ ನಡುವಿನ ಬಂಡೆ ಹತ್ತಿ ಸೆಲ್ಫಿ ತೆಗೆಯುತ್ತಾರೆ. ಟಿಕೆಟ್ ತಗೊಂಡು ನೋಡುವ ನೀರು ಪಳಗಿದ ನೀರು ಅಂತ ನಮಗೆ ಅನ್ನಿಸುತ್ತದೋ ಏನೋ!

ಜಲಪಾತ ಅಂದರೆ ಏನು? ಒಂದು ಹಳ್ಳ, ನಡುವೆ ಒಂದು ಮೆಟ್ಟಿಲು. ಅಷ್ಟೇ. ಶಿವಮೊಗ್ಗದ ನೀರು ನಮ್ಮ ಡ್ಯಾಂ ಮುಟ್ಟಲು ದಿನ ಹಿಡಿಯುತ್ತದೆ, ನಡುವೆ ಗೇಟ್ ಇದೆ, ಮುನ್ನೆಚ್ಚರಿಕೆ ಕೊಡುವವರಿದ್ದಾರೆ. ಘಟ್ಟದ ಜಲಪಾತದಲ್ಲಿ ಗೇಟೂ ಇಲ್ಲ, ಸೈರನ್ನೂ ಇಲ್ಲ, ಮೇಲಿನ ಗುಡ್ಡದ ನೀರು ನಿಮಿಷಗಳಲ್ಲಿ ಕೆಳಗಿರುತ್ತದೆ.

[ದೃಶ್ಯ: ಕಪ್ಪು ಹಲಗೆ. ಸೀಮೆಸುಣ್ಣದಲ್ಲಿ ಲೆಕ್ಕ.]

ಎಷ್ಟು ನೀರು? ಇದು ನನಗೆ ಬಹಳ ಇಷ್ಟವಾದ ಭಾಗ, ಸ್ವಲ್ಪ ಸಹಿಸಿಕೊಳ್ಳಿ. ಒಂದು ಚದರ ಕಿಲೋಮೀಟರ್ ಜಾಗದ ಮೇಲೆ ಒಂದೇ ಒಂದು ಮಿಲಿಮೀಟರ್ ಮಳೆ ಬಿದ್ದರೆ ಎಷ್ಟು ಲೀಟರ್ ಗೊತ್ತಾ? ಹತ್ತು ಲಕ್ಷ. ಈಗ ಜಲಪಾತದ ಹಿಂದೆ, ನಿಮ್ಮ ಕಣ್ಣಿಗೆ ಕಾಣದ ಕಡೆ, ಹತ್ತು ಚದರ ಕಿಲೋಮೀಟರ್ ಗುಡ್ಡ ಇದೆ ಅಂದುಕೊಳ್ಳಿ. ಅದೇನು ದೊಡ್ಡ ಜಾಗ ಅಲ್ಲ. ಅಲ್ಲಿ ಒಂದು ಗಂಟೆಯಲ್ಲಿ 20 ಮಿಲಿಮೀಟರ್ ಮಳೆ ಬಿತ್ತು. ಘಟ್ಟದಲ್ಲಿ ಅದು ದೊಡ್ಡ ಮಳೆಯೂ ಅಲ್ಲ. ಒಟ್ಟು 20 ಕೋಟಿ ಲೀಟರ್. ಅರ್ಧ ಮಣ್ಣು ಕುಡಿಯಿತು ಅನ್ನಿ, ಉಳಿದಿದ್ದು 10 ಕೋಟಿ. ಅದು ಒಂದು ಗಂಟೆಯಲ್ಲಿ ಇಳಿದರೆ ಸೆಕೆಂಡಿಗೆ ಸುಮಾರು 28 ಸಾವಿರ ಲೀಟರ್.

ಈ 28 ಸಾವಿರ ಲೀಟರನ್ನು ನಮ್ಮ ಭಾಷೆಗೆ ತರೋಣ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ 28 ಲೀಟರ್ ಚಿಲ್ಲರೆ. ಹಾಗಾದರೆ ಇದು ಹತ್ತಿರ ಹತ್ತಿರ ಒಂದು ಸಾವಿರ ಕ್ಯೂಸೆಕ್. ಬಳ್ಳಾರಿ, ಕೊಪ್ಪಳ, ರಾಯಚೂರಿನವರಿಗೆ ಕ್ಯೂಸೆಕ್ ಏನು ಅಂತ ಹೇಳಿಕೊಡಬೇಕಾ? ಮಳೆಗಾಲದಲ್ಲಿ ಬೆಳಗಾದರೆ ಒಳಹರಿವು ಎಷ್ಟು, ಹೊರಹರಿವು ಎಷ್ಟು ಅಂತ ನೋಡಿಯೇ ಚಹಾ ಕುಡಿಯುವ ಜನ ನಾವು. ಡ್ಯಾಂಗೆ ಸಾವಿರ ಕ್ಯೂಸೆಕ್ ಒಳಹರಿವು ಅಂದರೆ "ಏನೂ ಬಂದಿಲ್ಲ ಬಿಡ್ರೀ" ಅನ್ನುತ್ತೇವೆ. ಆದರೆ ಅಲ್ಲಿ ಆ ನೀರು ಅಗಲವಾದ ಹೊಳೆಯಲ್ಲಿ ಹರಡಿಕೊಂಡಿರುತ್ತದೆ. ಇಲ್ಲಿ ಹತ್ತಿಪ್ಪತ್ತು ಅಡಿ ಅಗಲದ ಕಲ್ಲಿನ ಕಿಂಡಿಯಲ್ಲಿ ನುಗ್ಗಬೇಕು. ಬೇಸಿಗೆಯಲ್ಲಿ ನಿಮ್ಮ ಓಣಿಗೆ ಬರುತ್ತದಲ್ಲ, ಐದು ಸಾವಿರ ಲೀಟರಿನ ನೀರಿನ ಟ್ಯಾಂಕರ್? ಅಂಥವು ಐದಕ್ಕೂ ಜಾಸ್ತಿ, ಪ್ರತಿ ಸೆಕೆಂಡಿಗೆ, ನಿಮ್ಮ ಮೇಲೆ ಖಾಲಿ ಆಗುತ್ತಿವೆ. ನೀವು ನಿಂತ ಜಾಗದಲ್ಲಿ ಬಿಸಿಲು.

ಇನ್ನೊಂದು ಸಂಗತಿ. ಹವಾಮಾನ ಇಲಾಖೆಯ ರೆಡ್ ಅಲರ್ಟ್ ಕೇಳಿರುತ್ತೀರಿ. 24 ಗಂಟೆಯಲ್ಲಿ 204 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬರಬಹುದು ಅನ್ನುವಾಗ ಕೊಡುವ ಎಚ್ಚರಿಕೆ ಅದು. ನಮ್ಮ ಕಡೆ ಇಡೀ ವರ್ಷಕ್ಕೆ ಬೀಳೋದೇ 600 ಮಿಲಿಮೀಟರ್ ಆಸುಪಾಸು. ನಮ್ಮ ವರ್ಷದ ಮಳೆಯ ಮೂರನೇ ಒಂದು ಪಾಲು ಒಂದೇ ದಿನದಲ್ಲಿ! ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುತ್ತದೆ. ಆದ್ದರಿಂದ "ಮಳೆ ನಾವೂ ನೋಡಿದ್ದೇವೆ ಬಿಡ್ರೀ" ಅನ್ನುವ ಮಾತನ್ನು ದಯವಿಟ್ಟು ಹುಬ್ಬಳ್ಳಿಯಲ್ಲೇ ಇಳಿಸಿ ಹೋಗಿ. ಹೊರಡುವ ಮುಂಚೆ ನೀವು ಹೋಗುವ ಜಿಲ್ಲೆಯ ಮುನ್ಸೂಚನೆ ನೋಡಿ. ಆರೆಂಜ್ ಅಥವಾ ರೆಡ್ ಇದ್ದರೆ ಪ್ಲಾನ್ ಮುಂದಕ್ಕೆ ಹಾಕಿ.

[ದೃಶ್ಯ: ತಿಳಿ ನೀರು ನಿಧಾನಕ್ಕೆ ಕದಡುತ್ತಿದೆ. ಹತ್ತಿರದಿಂದ.]

ಸರಿ, ನೀವು ಅಲ್ಲೇ ಇದ್ದೀರಿ. ನೀರು ಬರುತ್ತಿದೆ ಅಂತ ಹೇಗೆ ಗೊತ್ತಾಗಬೇಕು? ಆಕಾಶ ನೋಡಬೇಡಿ, ನೀರು ನೋಡಿ. ತಿಳಿಯಾಗಿದ್ದ ನೀರು ಚಹಾ ಬಣ್ಣಕ್ಕೆ ತಿರುಗಿದರೆ ಏಳಿ. ಹಸಿರು ಎಲೆ, ಮುರಿದ ಕಡ್ಡಿ ತೇಲಿ ಬಂದರೆ ಏಳಿ. ಜಲಪಾತದ ಸದ್ದು ದಪ್ಪ ಆದರೆ ಏಳಿ. ಹೋದ ತಕ್ಷಣ ನೀರಿನ ಅಂಚಿನಲ್ಲಿ ಒಂದು ಕಲ್ಲು ಗುರುತು ಮಾಡಿಕೊಳ್ಳಿ, ಆಗಾಗ ನೋಡುತ್ತಿರಿ. ಆ ಕಲ್ಲು ಮುಳುಗಿತು ಅಂದರೆ ಚರ್ಚೆ ಬೇಡ, ಬ್ಯಾಗಿನ ಆಸೆಯೂ ಬೇಡ. ಎದ್ದು ಎತ್ತರಕ್ಕೆ ಹೋಗಿ. ಊಟಕ್ಕೆ ಕೂರೋದಾದರೂ ವಾಪಸ್ ಹೋಗುವ ದಡದಲ್ಲೇ ಕೂರಿ. ಹಳ್ಳ ದಾಟಿ ಆಚೆ ಕೂತರೆ ಸಿಕ್ಕಿಹಾಕಿಕೊಳ್ಳುತ್ತೀರಿ. ಹಾಗೆ ಸಿಕ್ಕಿಕೊಂಡರೂ ಎತ್ತರದಲ್ಲಿ ಕೂತು ಕಾಯಿರಿ, ನಮ್ಮ ಎಮ್ಮೆಯವರ ಹಾಗೆ. ಮಳೆ ನಿಂತರೆ ಸಣ್ಣ ಹಳ್ಳ ಇಳಿಯುತ್ತದೆ.

ಈಗ ಎರಡನೇ ನಂಬಿಕೆ. ಓಡಿ ಬಂದರಾಯ್ತು. ನೀರಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಮೊಣಕಾಲುದ್ದ ನೀರಲ್ಲಿ ನಿಂತಿದ್ದೀರಿ. ನೀರು ಸೆಕೆಂಡಿಗೆ ಒಂದು ಮೀಟರ್ ಹರಿಯುತ್ತಿದ್ದರೆ ಕಾಲಿನ ಮೇಲೆ ಸುಮಾರು ಏಳು ಕಿಲೋ ಭಾರದಷ್ಟು ಒತ್ತಡ. ನಿಲ್ಲಬಹುದು. ಎರಡು ಮೀಟರ್ ಆದರೆ 27 ಕಿಲೋ. ಮೂರು ಮೀಟರ್ ಆದರೆ 60 ಕಿಲೋ. ಅದೂ ಕಾಲಡಿ ಪಾಚಿ ಇರುವಾಗ. ಅಮೆರಿಕದ ಹವಾಮಾನ ಇಲಾಖೆ ಹೇಳೋದು ಇದು: ರಭಸದ ನೀರು ಅರ್ಧ ಅಡಿ ಇದ್ದರೂ ದೊಡ್ಡವರನ್ನು ಕೆಡವುತ್ತದೆ. ಅರ್ಧ ಅಡಿ ಅಂದರೆ ಪಾದ ಮುಳುಗಿ ಒಂದಿಷ್ಟು ಮೇಲೆ, ಅಷ್ಟೇ.

2024ರ ಜೂನ್ 30ರಂದು ಲೋಣಾವಳದ ಭೂಶಿ ಡ್ಯಾಂ ಹಿಂದಿನ ಜಲಪಾತದಲ್ಲಿ ಒಂದೇ ಕುಟುಂಬದ ಐದು ಜನ ಕೊಚ್ಚಿಹೋದರು. ವಿಡಿಯೋ ನೀವೂ ನೋಡಿರಬಹುದು. ನೀರಿನ ನಡುವೆ ಒಬ್ಬರನ್ನೊಬ್ಬರು ತಬ್ಬಿಕೊಂಡು ನಿಂತಿದ್ದರು. ದಡ ಕಣ್ಣೆದುರೇ ಇತ್ತು. ಅದನ್ನು ಇಲ್ಲಿ ಹಾಕುವುದಿಲ್ಲ. ವ್ಯೂಸ್‌ಗಾಗಿ ಅದನ್ನು ಸಂಗೀತ ಸೇರಿಸಿ ಹಾಕಿದವರ ಬಗ್ಗೆ ನನಗೆ ಒಳ್ಳೆಯ ಮಾತಿಲ್ಲ.

[ದೃಶ್ಯ: ಹನುಮನಹಳ್ಳಿಯ ಒಣ ಬಂಡೆ. ಪಕ್ಕದಲ್ಲಿ ಪಾಚಿ ಹಿಡಿದ ಘಟ್ಟದ ಕಲ್ಲು.]

ನಮ್ಮವರಿಗೆ ಇನ್ನೊಂದು ವಿಶೇಷ ಅಪಾಯ ಇದೆ, ಅದು ನಮ್ಮ ಬಂಡೆಗಳಿಂದ ಬಂದಿದ್ದು. ಆನೆಗೊಂದಿ, ಹನುಮನಹಳ್ಳಿಯ ಗ್ರಾನೈಟ್ ಬಂಡೆ ಉಪ್ಪುಕಾಗದದಷ್ಟು ಒರಟು. ಬರಿಗಾಲಲ್ಲಿ ಹತ್ತಿದರೂ ಕಾಲು ಕಚ್ಚಿ ನಿಲ್ಲುತ್ತದೆ. ಬಂಡೆ ಹತ್ತೋಕೆ ವಿದೇಶದಿಂದಲೂ ಜನ ಬರುತ್ತಾರೆ. ಇಲ್ಲೇ ಹತ್ತಿ ಬೆಳೆದ ಹುಡುಗ ಬಂಡೆ ಕಂಡರೆ ಯೋಚನೆ ಮಾಡಲ್ಲ. ಘಟ್ಟದ ಕಲ್ಲು ಮಳೆಗಾಲದಲ್ಲಿ ತಿಂಗಳುಗಟ್ಟಲೆ ನೆನೆದಿರುತ್ತದೆ, ಮೇಲೆ ಕಣ್ಣಿಗೆ ಕಾಣದಷ್ಟು ತೆಳು ಪಾಚಿ ಪದರ. ಒದ್ದೆಯಾಗಿ ಕಪ್ಪಗೆ ಮಿಂಚುವ ಕಲ್ಲಿನ ಮೇಲೆ ಕಾಲಿಡಬೇಡಿ. 2023ರ ಜುಲೈನಲ್ಲಿ ಕೊಲ್ಲೂರು ಹತ್ತಿರದ ಅರಸಿನಗುಂಡಿ ಜಲಪಾತದ ಎದುರು ವಿಡಿಯೋ ಮಾಡಿಸಿಕೊಳ್ಳುತ್ತಾ ನಿಂತಿದ್ದ ಯುವಕ ಜಾರಿ ಬಿದ್ದು ತೀರಿಕೊಂಡ. ಅವನು ಓಡಿರಲಿಲ್ಲ, ಜಿಗಿದಿರಲಿಲ್ಲ. ನಿಂತಿದ್ದ.

ಈಜು ಬರುತ್ತದೆ ಅನ್ನುವವರಿಗೆ ಎರಡು ಮಾತು. ಜಲಪಾತದ ಬುಡದ ನೊರೆ ನೀರಲ್ಲಿ ಗಾಳಿಯ ಗುಳ್ಳೆ ತುಂಬಿರುತ್ತದೆ. ಅದು ನಿಮ್ಮನ್ನು ಸಾಮಾನ್ಯ ನೀರಿನಷ್ಟು ತೇಲಿಸಲ್ಲ, ಕೈ ಬೀಸಿದರೂ ಹಿಡಿತ ಸಿಗಲ್ಲ. ಬೀಳುವ ನೀರು ಸುತ್ತಿ ಸುತ್ತಿ ಮತ್ತೆ ಕೆಳಗೆ ಎಳೆಯುತ್ತದೆ. ಯಾರಾದರೂ ಬಿದ್ದರೆ ಹಿಂದೆಯೇ ಜಿಗಿಯಬೇಡಿ, ಹಗ್ಗ ಎಸೆಯಿರಿ, ಸೀರೆಯೋ ವೇಲೋ ಏನಿದೆಯೋ ಅದು. ಜಿಗಿಯೋದಂತೂ ಮಳೆಗಾಲ ಅಲ್ಲದಿದ್ದರೂ ಬೇಡ. 2025ರ ಫೆಬ್ರವರಿಯಲ್ಲಿ ನಮ್ಮ ಸಾಣಾಪುರದ ಹತ್ತಿರವೇ ಬಂಡೆಯಿಂದ ತುಂಗಭದ್ರೆಗೆ ಜಿಗಿದ ಪ್ರವಾಸಿಯೊಬ್ಬರು ಮೇಲೆ ಬರಲಿಲ್ಲ.

ದೂಧ್‌ಸಾಗರ ಪ್ಲಾನ್ ಇರುವವರು ಕೇಳಿ, ಬಹಳ ಜನ ಅಲ್ಲಿಗೇ ಹೋಗುತ್ತೀರಿ. ಬಳ್ಳಾರಿ, ಹೊಸಪೇಟೆ, ಕೊಪ್ಪಳದ ಮೇಲೆ ಹಾದು ವಾಸ್ಕೋಗೆ ಹೋಗುವ ರೈಲು ಆ 310 ಮೀಟರ್ ಜಲಪಾತದ ಎದುರೇ ಹಾಯುತ್ತದೆ. ಕೂತಲ್ಲೇ ನೋಡಬಹುದು. ಅದು ಬಿಟ್ಟು ಕ್ಯಾಸಲ್‌ರಾಕ್‌ನಲ್ಲಿ ಇಳಿದು ಹಳಿ ಹಿಡಿದು ನಡೆಯುವ ಸಾಹಸ ಬೇಡ. ಸುರಂಗದೊಳಗೆ ರೈಲು ಬಂದರೆ ಸರಿಯಲು ಜಾಗ ಎಲ್ಲಿದೆ? ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. 2023ರ ಜುಲೈನಲ್ಲಿ ಹಾಗೆ ಹೋದವರಿಂದ ಪೊಲೀಸರು ಹಳಿ ಪಕ್ಕ ಬಸ್ಕಿ ಹೊಡೆಸಿದ್ದು ಇಡೀ ದೇಶ ನೋಡಿತು. ಕಾರ್ಮೋಡ ಕವಿದ ಮಳೆಗಾಲದಲ್ಲಿ ಗೋವಾ ಕಡೆಯ ಕುಳೆಮ್‌ನಿಂದ ಹೋಗುವ ಜೀಪ್ ಕೂಡ ಇರಲ್ಲ. ಅದು ಮಳೆ ಮುಗಿದ ಮೇಲೆ, ಅಕ್ಟೋಬರ್ ಹೊತ್ತಿಗೆ ಶುರು.

ಸಮಯ ಆಯ್ತು, ಉಳಿದಿದ್ದು ಒಂದೇ ಉಸಿರಲ್ಲಿ. ಉಂಬಳ, ಅಂದರೆ ಕಾಡಿನ ಜಿಗಣೆ, ಕಚ್ಚಿದರೆ ಗಾಬರಿ ಬೇಡ, ರಕ್ತ ಸ್ವಲ್ಪ ಹೊತ್ತು ಸೋರುತ್ತದೆ, ನಿಲ್ಲುತ್ತದೆ. ಹಾವು ಕಚ್ಚಿದರೆ ಕಟ್ಟೋದು, ಕೊಯ್ಯೋದು, ಹೀರೋದು ಯಾವುದೂ ಬೇಡ. ಕೈಕಾಲು ಅಲ್ಲಾಡಿಸದೆ ಆಸ್ಪತ್ರೆಗೆ. ಗುಡುಗು ಸಿಡಿಲಿಗೆ ದಾಮಿನಿ ಆಪ್ ಇದೆ, ನಮ್ಮ ರೈತರ ಮೊಬೈಲಲ್ಲೂ ಇರುತ್ತದೆ. ನೆಟ್‌ವರ್ಕ್ ಸಿಗಲ್ಲ ಅಂದುಕೊಂಡೇ ಹೊರಡಿ. ಎಲ್ಲಿಗೆ, ಯಾವ ದಾರಿ, ಎಷ್ಟೊತ್ತಿಗೆ ವಾಪಸ್ ಅಂತ ಮನೆಯಲ್ಲಿ ಒಬ್ಬರಿಗೆ ಹೇಳಿ. ಮೂರು ಗಂಟೆಯೊಳಗೆ ಹಿಂತಿರುಗಿ. ಮಳೆಗಾಲದ ಕಾಡಲ್ಲಿ ಐದಕ್ಕೇ ಕತ್ತಲು. ತುರ್ತಿಗೆ 112.

ಅಷ್ಟು ದೂರ ಬೇಡ ಅನ್ನುವವರಿಗೆ ಕುಷ್ಟಗಿ ತಾಲ್ಲೂಕಿನ ಕಬ್ಬರಗಿ ಹತ್ತಿರ ಕಪಿಲತೀರ್ಥ ಇದೆ, ಲಿಂಗಸುಗೂರು ತಾಲ್ಲೂಕಿನಲ್ಲಿ ಗುಂಡಲಬಂಡೆ ಇದೆ. ಎರಡೂ ಮಳೆ ನಂಬಿದ ಜಲಪಾತ. ಮಳೆ ಆದ ಮೇಲೆ ಕೆಲವೇ ದಿನ ಜೋರು, ಆಮೇಲೆ ಬರೀ ಕಲ್ಲು. ಹಾಗಾಗಿ ಅಲ್ಲಿ ನೀರು ನೋಡಲು ಹೋಗುವ ದಿನವೇ ಹಳ್ಳ ಬರುವ ದಿನವೂ ಆಗಿರುತ್ತದೆ. ಹೋಗುವ ಮುಂಚೆ ಆ ಊರಿನವರಿಗೆ ಫೋನ್ ಮಾಡಿ, "ನಿನ್ನೆ ರಾತ್ರಿ ಮೇಲೆ ಮಳೆ ಆಗೈತೇನ್ರೀ?" ಅಂತ ಕೇಳಿ. ಆಗಿದ್ದರೆ ಮೆಟ್ಟಿಲ ಮೇಲಿಂದಲೇ ನೋಡಿ, ಮಿರ್ಚಿ ಬಜ್ಜಿ ತಿಂದು ಬನ್ನಿ.